ಕಾಸಿನ ಸರದಾಗೆ ಕಾಣದೂರಿನ ರಾಜ

ನಮ್ಮ ಕಡೆ ಚಿನ್ನ ಅಂದ್ರೆ ಮೊದಲು ಬರೋದು ತೂಕದ ಮಾತು. ಎಷ್ಟು ಗ್ರಾಂ, ವೇಸ್ಟೇಜ್ ಎಷ್ಟು ಹಿಡಿದ್ರು, ಮಜೂರಿ ಎಷ್ಟು ತಗಂಡ್ರು, ಇವು ಮೂರೂ ಕೇಳಿ ಮುಗಿದ ಮೇಲೆ "ಏನ್ ಡಿಸೈನು?" ಅಂತಾರೆ. ಒಡವೆ ಮೇಲೆ ಏನು ಬರೆದೈತೆ, ಯಾರ ಮುಖ ಐತೆ ಅಂತ ಕೇಳೋರು ಇಲ್ಲವೇ ಇಲ್ಲ ಅನ್ನಬೇಕು. ಆದ್ರೆ ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಹಳೇ ಮನೆಗಳ ಟ್ರಂಕಿನಾಗೆ ಇನ್ನೂ ಅಲ್ಲೊಂದು ಇಲ್ಲೊಂದು ಕಾಸಿನ ಸರ, ಪುತಳಿ ಸರ ಅದಾವೆ. ಅವುಗಳ ಮೇಲೆ ಮುಖ ಐತೆ, ಅಕ್ಷರಾನೂ ಐತೆ. ಈ ಸಲ ಆ ಮುಖ, ಆ ಅಕ್ಷರದ ಚರಿತ್ರೆ ಬರೀಬೇಕು ಅನ್ನಿಸ್ತು.

ಒಂದು ಪ್ರಶ್ನೆ ಕೈಯಾಗೆ ಹಿಡ್ಕೊಂಡು ಹೊರಡೋಣ. ಒಬ್ಬ ರಾಜ ಹೊಡೆಸಿದ ನಾಣ್ಯ ನೋಡಿ ಇನ್ನೊಬ್ಬ ಯಾರೋ ಅದೇ ಥರದ್ದು ಹೊಡೆದ್ರೆ ಅದಕ್ಕೆ ಏನನ್ನಬೇಕು? ಇವತ್ತಿನ ಕಾನೂನು ಖೋಟಾ ಅನ್ನುತ್ತೆ. ನೋಟಿಗೆ ಅದು ಸರಿ, ನೋಟಿನ ಕಾಗದಕ್ಕೆ ಬೆಲೆ ಇಲ್ಲ, ಸರ್ಕಾರದ ಮಾತಿಗೆ ಬೆಲೆ. ಆದ್ರೆ ಹೊಡೆದವನು ಒಳ್ಳೇ ಚಿನ್ನವನ್ನೇ ಹಾಕಿ, ತೂಕಾನೂ ಸರಿಯಾಗಿಟ್ಟು, ಮುಖ ಮಾತ್ರ ಇನ್ನೊಬ್ಬನದು ಹಾಕಿದ್ರೆ? ಅದು ಮೋಸವೋ, ಮರ್ಯಾದೆಯೋ, ಬರೀ ವ್ಯಾಪಾರವೋ? ಈ ಪ್ರಶ್ನೆಗೆ ಒಂದು ತುದಿ ನಮ್ಮ ಚಂದ್ರವಳ್ಳೀಲಿ ಐತೆ, ಇನ್ನೊಂದು ತುದಿ ಯುರೋಪಿನ ಗಾಥರು, ಫ್ರಾಂಕರ ಊರಾಗೆ ಐತೆ.

ಚಂದ್ರವಳ್ಳಿ ನಮಗೆಲ್ಲ ಗೊತ್ತಿರೋ ಜಾಗ. ದುರ್ಗದ ಬೆಟ್ಟ, ಕಿರುಬನಕಲ್ಲು, ಚೋಳಗುಡ್ಡ, ಈ ಮೂರರ ನಡುವೆ ಕೆರೆ, ಅಂಕಲಿ ಮಠದ ಗವಿಗಳು. ಭಾನುವಾರ ಬುತ್ತಿ ಕಟ್ಟಿಕೊಂಡು ಹೋಗೋರು, ಬೆಳಗ್ಗೆ ವಾಕಿಂಗ್ ಹೋಗೋರು ಎಷ್ಟೋ ಜನ. ಆ ನೆಲದಾಗೆ 1900ರ ದಶಕದ ಕೊನೆಯಿಂದಲೇ ಅಗೆದು ನೋಡಿದಾರೆ. ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಮೊದಲು, ಆಮೇಲೆ 1929ರ ಸುಮಾರಿಗೆ ಡಾ. ಎಂ. ಎಚ್. ಕೃಷ್ಣ, ಕೊನೆಗೆ 1947ರಾಗೆ ಮಾರ್ಟಿಮರ್ ವೀಲರ್. ವೀಲರ್ ಸಾಹೇಬರು ಆ ವರ್ಷ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯನ್ನೂ ಚಂದ್ರವಳ್ಳಿಯನ್ನೂ ಒಟ್ಟಿಗೇ ಅಗೆಸಿದ್ರು. ಸ್ವಾತಂತ್ರ್ಯ ಬಂದ ವರ್ಷವೇ ಅದು.

ಅಲ್ಲಿ ಸಿಕ್ಕಿದ್ದು ಏನು? ಸಾತವಾಹನರ ಕಾಲದ ಸೀಸದ ನಾಣ್ಯಗಳು ಸಿಕ್ಕವು. 'ಸದಕನ ಕಳಲಾಯ ಮಹಾರಠಿ' ಅನ್ನೋ ನಮ್ಮ ಸೀಮೆಯ ಸಾಮಂತನ ಹೆಸರಿನ ಸೀಸದ ಕಾಸುಗಳೂ ಸಿಕ್ಕವು. ಅವುಗಳ ಮೇಲೆ ಡುಬ್ಬ ಇರೋ ಗೂಳಿ ಐತೆ. ನಮ್ಮ ಅಮೃತಮಹಲ್ ದನ ನೋಡಿದೋರಿಗೆ ಆ ಡುಬ್ಬದ ಗುರುತು ಹೇಳಿಕೊಡಬೇಕಾಗಿಲ್ಲ. ಇವುಗಳ ಜೊತೆಗೇ ರೋಮಿನ ಬೆಳ್ಳಿ ನಾಣ್ಯ ಸಿಕ್ಕವು, ಆಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ದಿನಾರಿಯಸ್. ಅಂದ್ರೆ ಸುಮಾರು 2000 ವರ್ಷದ ಹಿಂದೆ ರೋಮಿನ ರಾಜನ ಮುಖ ನಮ್ಮ ದುರ್ಗದ ಬೆಟ್ಟದ ಬುಡಕ್ಕೆ ಬಂದಿತ್ತು. ಇದೊಂದೇ ಅಲ್ಲ. ಬೆಂಗಳೂರಿನ ಯಶವಂತಪುರದಾಗೆ, ಎಚ್‌ಎಎಲ್ ವಿಮಾನ ನಿಲ್ದಾಣದ ಹತ್ರ, ಗಡಿಗೆಗಟ್ಟಲೆ ಇಂಥ ಬೆಳ್ಳಿ ಸಿಕ್ಕೈತೆ.

ಯಾಕೆ ಬಂತು ಅಂದ್ರೆ ವ್ಯಾಪಾರ. ನಮ್ಮ ಕಡೆಯಿಂದ ಮೆಣಸು, ಮುತ್ತು, ಹತ್ತಿ ಬಟ್ಟೆ, ಹವಳ್ದಂಥ ಕಲ್ಲಿನ ಮಣಿಗಳು ಹೋಗ್ತಿದ್ವು. ಅವರ ಹತ್ರ ನಮಗೆ ಬೇಕಾದ್ದು ಕಡಿಮೆ, ಅದಕ್ಕೆ ಬೆಳ್ಳಿ ಬಂಗಾರ ಸುರಿದ್ರು. ಪ್ಲಿನಿ ಅನ್ನೋ ರೋಮಿನ ಲೇಖಕ ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ಇಂಡಿಯಾ ನುಂಗುತ್ತೆ ಅಂತ ಗೋಳಾಡಿದಾನೆ. ಅದೇ ಒಂದನೇ ಶತಮಾನದ 'ಪೆರಿಪ್ಲಸ್' ಅನ್ನೋ ಹಡಗಿನವರ ಕೈಪಿಡೀಲಿ, ಭರೂಚ್ ಬಂದರಿಗೆ ರೋಮಿನ ಚಿನ್ನ ಬೆಳ್ಳಿ ನಾಣ್ಯ ಒಯ್ದ್ರೆ ಅಲ್ಲಿಯ ನಾಣ್ಯಕ್ಕೆ ಬದಲಾಯಿಸುವಾಗ ಲಾಭ ಸಿಗುತ್ತೆ ಅಂತ ಬರೆದೈತೆ. ಇಲ್ಲಿ ಒಂದು ಮಾತು ಗಮನಿಸಿ. ರೋಮಿನ ನಾಣ್ಯ ಇಲ್ಲಿ ಬರೀ ಬೆಳ್ಳಿ ಆಗಿರಲಿಲ್ಲ. ಗುರುತಿರೋ ಬೆಳ್ಳಿ, ನಂಬಿಕೆಯ ಬೆಳ್ಳಿ ಆಗಿತ್ತು. ಇವತ್ತು ಹಾಲ್‌ಮಾರ್ಕ್ ನೋಡಿ ಸಮಾಧಾನ ಪಡ್ತೀವಲ್ಲ, ಆ ಕಾಲಕ್ಕೆ ಆಗಸ್ಟಸ್ಸನ ಮುಖವೇ ಹಾಲ್‌ಮಾರ್ಕು.

ಹಾಲ್‌ಮಾರ್ಕಿಗೆ ಬೆಲೆ ಬಂದ ಮೇಲೆ ಅದನ್ನ ನೋಡಿ ಮಾಡೋರೂ ಹುಟ್ಟಿಕೊಳ್ತಾರೆ. ತೆಲಂಗಾಣದ ನಲ್ಗೊಂಡ ಸೀಮೆಯ ಅಕ್ಕನಪಲ್ಲೀಲಿ ಸಾವಿರದ ಐನೂರಕ್ಕೂ ಹೆಚ್ಚು ದಿನಾರಿಯಸ್ ಒಂದೇ ಕಡೆ ಸಿಕ್ಕಾಗ ಅದರಾಗೆ ಇಲ್ಲೇ ಮಾಡಿದ ನಕಲುಗಳೂ ಇದ್ದವು. ಅದೇ ತೆಲಂಗಾಣದ ಕೊಂಡಾಪುರದಾಗೆ ಟೈಬೀರಿಯಸ್ಸನ ನಾಣ್ಯದ ಅಚ್ಚೊತ್ತಿದ ಮಣ್ಣಿನ ಬಿಲ್ಲೆಗಳು ಸಿಕ್ಕಿದಾವೆ. ಮಣ್ಣಿನದು ಯಾವ ಅಂಗಡೀಲೂ ಓಡೋದಿಲ್ಲ. ಹಾಗಾದ್ರೆ ಅದು ಕೊರಳಿಗೆ. ಚಿನ್ನ ಬೆಳ್ಳಿ ತರೋಕೆ ಆಗದೋರು ಅದೇ ಮುಖವನ್ನ ಮಣ್ಣಿನಾಗೆ ಒತ್ತಿ, ಬಹುಶಃ ಮೇಲೆ ತೆಳ್ಳಗೆ ತಗಡು ಹೊದಿಸಿ, ಹಾಕ್ಕೊಂಡಿರಬೇಕು. ಜಾತ್ರೇಲಿ ಸಿಗೋ ಒಂದು ಗ್ರಾಂ ಗೋಲ್ಡ್ ಸರ ನೆನಪು ಬಂತಾ? ನನಗೂ ಬಂತು.

ಈಗ ನಮ್ಮ ಕಥೆಯ ಚಿನ್ನದ ಭಾಗಕ್ಕೆ ಬರೋಣ. ಸುಮಾರು 309ನೇ ಇಸವಿ ಹೊತ್ತಿಗೆ ಕಾನ್‌ಸ್ಟಂಟೈನ್ ಚಕ್ರವರ್ತಿ ಸಾಲಿಡಸ್ ಅನ್ನೋ ಹೊಸ ಚಿನ್ನದ ನಾಣ್ಯ ಶುರು ಮಾಡಿದ. ರೋಮಿನ ಒಂದು ಪೌಂಡ್ ಚಿನ್ನಕ್ಕೆ 72 ನಾಣ್ಯ, ಒಂದೊಂದೂ ನಾಲ್ಕೂವರೆ ಗ್ರಾಂ ಹತ್ರ. ಚೊಕ್ಕ ಚಿನ್ನ. ಆರು ಏಳು ನೂರು ವರ್ಷ ಅದರ ತೂಕ, ಬಣ್ಣ ಹೆಚ್ಚುಕಡಿಮೆ ಕೆಡದೇ ಉಳೀತು. ನಮ್ಮ ವರಹ ಮೂರೂವರೆ ಗ್ರಾಂ ಹತ್ರ ಇತ್ತು ಅಂತ ನೆನಪಿಟ್ಟುಕೊಂಡ್ರೆ ಅಳತೆ ಸಿಗುತ್ತೆ. ಆರನೇ ಶತಮಾನದ ಕಾಸ್ಮಸ್ ಅನ್ನೋ ವ್ಯಾಪಾರಿ ಒಂದು ಕಥೆ ಬರೆದಿದಾನೆ. ಸಿಂಹಳದ ರಾಜನ ಮುಂದೆ ಒಬ್ಬ ರೋಮಿನೋನು, ಒಬ್ಬ ಪರ್ಷಿಯಾದೋನು ನಿಂತು, ನಮ್ಮ ರಾಜ ದೊಡ್ಡೋನು, ನಮ್ಮ ರಾಜ ದೊಡ್ಡೋನು ಅಂತ ವಾದ ಹಾಕ್ಕೊಂಡ್ರಂತೆ. ಇಬ್ಬರ ನಾಣ್ಯಾನೂ ಪಕ್ಕಪಕ್ಕ ಇಟ್ಟು ನೋಡಿದ್ರೆ ರೋಮಿನದು ಚಿನ್ನ, ಪರ್ಷಿಯಾದ್ದು ಬೆಳ್ಳಿ. ಅಲ್ಲಿಗೆ ಪಂಚಾಯ್ತಿ ಮುಗೀತು. ಬರೆದೋನೂ ರೋಮಿನ ಕಡೆಯೋನೇ ಅನ್ನೋದು ನೆನಪಿರಲಿ, ತನ್ನ ಮೊಸರು ಹುಳಿ ಅಂತ ಯಾರು ಹೇಳ್ತಾರೆ?

ಈ ಸಾಲಿಡಸ್ ನಮ್ಮ ರಾಜ್ಯಕ್ಕೂ ಬಂತು. ಹಾವೇರಿ ಜಿಲ್ಲೆ ಹಾನಗಲ್ ತಾಲ್ಲೂಕಿನ ಅಕ್ಕಿಆಲೂರಿನಾಗೆ ನಲವತ್ತಕ್ಕೂ ಹೆಚ್ಚು ಇಂಥ ಚಿನ್ನದ ನಾಣ್ಯ ಸಿಕ್ಕವು. ಎರಡನೇ ಥಿಯೋಡೋಸಿಯಸ್ಸಿನಿಂದ ಹಿಡಿದು ಆರನೇ ಶತಮಾನದ ಚಕ್ರವರ್ತಿಗಳವರೆಗಿನವು. ನಮ್ಮ ದೇಶದಾಗೆ ಈ ಕಾಲದ ರೋಮನ್ ಚಿನ್ನ ಸಿಕ್ಕ ದೊಡ್ಡ ನಿಧಿಗಳಲ್ಲಿ ಅದೂ ಒಂದು. ಆ ಸೀಮೆ ಆಗ ಬನವಾಸಿ ಕದಂಬರದ್ದು. ಕದಂಬರ ಮೂಲಪುರುಷ ಮಯೂರಶರ್ಮ ಚಂದ್ರವಳ್ಳಿ ಕೆರೆ ಕಟ್ಟಿಸಿದ ವಿಷಯ ನಮ್ಮ ಭೈರವೇಶ್ವರ ಗುಡಿ ಹತ್ರದ ಬಂಡೆ ಮೇಲಿನ ಪ್ರಾಕೃತ ಶಾಸನದಾಗೆ ಐತೆ. ಅಂದ್ರೆ ಚಂದ್ರವಳ್ಳಿಯ ಬೆಳ್ಳಿಗೂ ಅಕ್ಕಿಆಲೂರಿನ ಚಿನ್ನಕ್ಕೂ ನಡುವೆ ನಾನೂರು ಐನೂರು ವರ್ಷ ಕಳೆದ್ರೂ, ರೋಮಿನ ರಾಜನ ಮುಖದ ಮೇಲಿನ ಆಸೆ ಈ ಕಡೆ ಹೋಗಿರಲಿಲ್ಲ.

ಅಕ್ಕಿಆಲೂರಿನ ನಿಧೀಲಿ ಅಸಲಿ ನಾಣ್ಯದ ಜೊತೆ ಅವನ್ನ ನೋಡಿ ಇಲ್ಲೇ ಮಾಡಿದವೂ ಇದ್ದವು. ದಕ್ಷಿಣ ಭಾರತದಾಗೆ ಸಿಗೋ ಇಂಥ ಚಿನ್ನದ ನಾಣ್ಯಗಳಿಗೆ ಒಂದು ಗುರುತು ಐತೆ. ಎಷ್ಟೋ ನಾಣ್ಯಗಳಿಗೆ ಚಕ್ರವರ್ತಿಯ ತಲೆ ಮೇಲ್ಗಡೆ, ಪಕ್ಕಪಕ್ಕದಾಗೆ, ಎರಡು ತೂತು. ಒಂದು ತೂತು ಮಾಡಿದ್ರೆ ಬಿಲ್ಲೆ ತಿರುಗುತ್ತೆ, ಮುಖ ಅತ್ತ ಇತ್ತ ಆಗುತ್ತೆ. ಎರಡು ಮಾಡಿ ದಾರ ಹೊಲಿದ್ರೆ ಮುಖ ನೆಟ್ಟಗೆ ಕೂರುತ್ತೆ. ಗುಂಡಿ ಹೊಲಿಯೋ ಎಲ್ಲರಿಗೂ ಈ ಲೆಕ್ಕ ಗೊತ್ತು. ತೂತು ತೆಗೆದೋನು ಮುಖದ ಮೂಗಿಗೆ, ಕಣ್ಣಿಗೆ ಬೀಳದಂತೆ ನೋಡಿ ತೆಗೆದಿದಾನೆ. ಅಂದ್ರೆ ಇದು ಅವಸರದ ಕೆಲಸ ಅಲ್ಲ, ಆ ಮುಖ ಎದ್ದು ಕಾಣಬೇಕು ಅನ್ನೋದು ಹಾಕ್ಕೊಳ್ಳೋರ ಇಷ್ಟ. ಆ ರಾಜ ಯಾರು ಅಂತ ಅವರಿಗೆ ಗೊತ್ತಿತ್ತೋ ಇಲ್ಲವೋ, ರಾಜ ಅಂತ ಮಾತ್ರ ಗೊತ್ತಿತ್ತು.

ನಕಲು ಅಂತ ಹೆಂಗೆ ಗೊತ್ತಾಗುತ್ತೆ ಅಂದ್ರೆ ಅಕ್ಷರದಿಂದ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡ್ತೀವಲ್ಲ, ಆ ಮರದ ಅಚ್ಚನ್ನ ಒಮ್ಮೆ ತಿರುಗಿಸಿ ನೋಡಿ. ಗಿಳಿ ಬಲಕ್ಕೆ ನೋಡಬೇಕಾದ್ರೆ ಅಚ್ಚಿನಾಗೆ ಎಡಕ್ಕೆ ಕೊರೆದಿರ್ತಾರೆ, ಉಬ್ಬಬೇಕಾದ್ದನ್ನ ತಗ್ಗಾಗಿ ಕೊರೆದಿರ್ತಾರೆ. ನಾಣ್ಯದ ಅಚ್ಚೂ ಹಂಗೇ. ಅಕ್ಷರ ಓದೋಕೆ ಬರೋನು ಮನಸ್ಸಿನಾಗೆ ತಿರುಗಿಸಿಕೊಂಡು ಕೊರೀತಾನೆ. ಲ್ಯಾಟಿನ್ ಓದೋಕೆ ಬರದ ನಮ್ಮ ಅಕ್ಕಸಾಲಿಗೆ ಅವು ಬರೀ ಗೆರೆಗಳು. ಕಂಡಂಗೆ ಕೊರೆದ್ರೆ ಹೊಡೆದಾಗ ಉಲ್ಟಾ ಬರುತ್ತೆ. ಒಂದು ಅಕ್ಷರ ಬಿಟ್ಟು ಹೋಗುತ್ತೆ, ಇನ್ನೊಂದು ಮಲಗಿಕೊಳ್ಳುತ್ತೆ. ಹಳೇ ಅಚ್ಚು ನೋಡಿ ಹೊಸ ಅಚ್ಚು, ಅದನ್ನ ನೋಡಿ ಇನ್ನೊಂದು ಅಂತ ಮೂರು ತಲೆ ದಾಟಿದ್ರೆ ಅಕ್ಷರ ಎಲ್ಲ ಕಡ್ಡಿ, ಕೊಕ್ಕೆ, ಚುಕ್ಕೆ ಆಗಿಬಿಡುತ್ತೆ. ಗಿಳಿಯ ಕೊಕ್ಕು ಮೊಂಡಾದಂಗೆ.

ಇದೇ ಕೆಲಸ, ಇದೇ ನೂರು ಇನ್ನೂರು ವರ್ಷದಾಗೆ, ಭೂಮಿಯ ಆ ತುದೀಲೂ ನಡೀತಿತ್ತು. ಅದು ಗೊತ್ತಾದಾಗ ನನಗೆ ಮೈ ಜುಂ ಅಂದಿತ್ತು.

ರೋಮಿನ ಪಶ್ಚಿಮದ ಅರ್ಧ ಐದನೇ ಶತಮಾನದಾಗೆ ಕುಸೀತು. ಗಾಥ್, ವಾಂಡಲ್, ಬರ್ಗಂಡಿ, ಫ್ರಾಂಕ್ ಅಂತ ಜರ್ಮನ್ ಮಾತಿನ ಬುಡಕಟ್ಟುಗಳು ಒಂದೊಂದು ಸೀಮೆ ಹಿಡಿದವು. 476ರಾಗೆ ಒಡೊಯಾಸರ್ ಅನ್ನೋ ದಂಡನಾಯಕ ಇಟಲಿಯ ಕೊನೇ ಚಕ್ರವರ್ತಿ ಹುಡುಗನ್ನ ಗಾದಿಯಿಂದ ಇಳಿಸಿದ. ರಾಜ್ಯ ಬಂತು, ದಂಡು ಇತ್ತು, ಟಂಕಸಾಲೆ ಕೈಗೆ ಬಂತು. ಇನ್ನೇನು, ತನ್ನ ಮುಖ ಹಾಕಿ ಚಿನ್ನ ಹೊಡೆಸಬೇಕಲ್ಲ? ಹೊಡೆಸಲಿಲ್ಲ. ಕಾನ್‌ಸ್ಟಾಂಟಿನೋಪಲ್ಲಿನಾಗೆ ಕೂತಿದ್ದ ಜೀನೋ ಚಕ್ರವರ್ತಿಯ ಹೆಸರಿನಾಗೇ ಚಿನ್ನ ಹೊಡೆಸಿದ. ಅವನನ್ನ ಕೊಂದು 493ರಾಗೆ ಇಟಲಿ ಹಿಡಿದ ಆಸ್ಟ್ರೋಗಾಥರ ಥಿಯೊಡೊರಿಕ್ ಕೂಡ ಚಿನ್ನಕ್ಕೆ ಅನಸ್ತಾಸಿಯಸ್ ಚಕ್ರವರ್ತಿಯ ಹೆಸರೇ ಹಾಕಿಸಿದ, ಹೆಚ್ಚಂದ್ರೆ ತನ್ನ ಹೆಸರಿನ ಅಕ್ಷರ ಹೆಣೆದ ಒಂದು ಸಣ್ಣ ಮುದ್ರೆ. ಫ್ರಾನ್ಸು, ಸ್ಪೇನು ಕಡೆಯ ವಿಸಿಗಾಥರು, ಬರ್ಗಂಡಿಯವರು, ಫ್ರಾಂಕರು ಎಲ್ಲ ಅದೇ ದಾರಿ. ದೊಡ್ಡ ಸಾಲಿಡಸ್ಸಿಗಿಂತ ಅದರ ಮೂರನೇ ಒಂದು ಭಾಗದ, ಒಂದೂವರೆ ಗ್ರಾಮಿನ ಟ್ರೆಮಿಸಿಸ್ ಅವರಿಗೆ ಹೆಚ್ಚು ಬಳಕೆಗೆ ಬಂತು.

ಅವರ ನಕಲುಗಳಲ್ಲೂ ಅಕ್ಷರ ಹಿಂಗೇ ಕೆಡುತ್ತೆ. ಆದ್ರೆ ಒಂದು ಗುರುತು ಮಾತ್ರ ಬಿಡೋದಿಲ್ಲ. ಸಾಲಿಡಸ್ಸಿನ ಹಿಂಬದಿ ಕೆಳಗೆ 'ಕಾನಾಬ್' ಅಂತ ಐದು ಅಕ್ಷರ ಇರುತ್ತೆ. ಕಾನ್‌ಸ್ಟಾಂಟಿನೋಪಲ್ಲಿನ ಚೊಕ್ಕ ಚಿನ್ನ ಅಂತ ಅದರರ್ಥ. ಫ್ರಾನ್ಸಿನ ಯಾವುದೋ ಊರಾಗೆ ಹೊಡೆದ ನಾಣ್ಯದ ಮೇಲೂ ಅದೇ ಕಾನಾಬ್! ಊರಿನ ಹೆಸರು ಹೋಗಿ ಬರೀ ನಂಬಿಕೆಯ ಗುರುತಾಗಿ ಉಳೀತು. ಮೈಸೂರ್ ಪಾಕ್ ಧಾರವಾಡದಾಗೆ ಮಾಡಿದ್ರೂ ಮೈಸೂರ್ ಪಾಕೇ ತಾನೆ.

ತನ್ನ ಹೆಸರು ಹಾಕೋ ಧೈರ್ಯ ಮೊದಲು ದೊಡ್ಡದಾಗಿ ತೋರಿಸಿದೋನು ಫ್ರಾಂಕರ ರಾಜ ಥಿಯೊಡೆಬರ್ಟ್, 534ರಿಂದ 548ರವರೆಗೆ ಆಳಿದೋನು. ಚಕ್ರವರ್ತಿಯ ಚಿತ್ರದ ಸುತ್ತ ತನ್ನ ಹೆಸರು ಬರೆಸಿದ. ಕಾನ್‌ಸ್ಟಾಂಟಿನೋಪಲ್ಲಿನ ಚರಿತ್ರೆಕಾರ ಪ್ರೊಕೋಪಿಯಸ್ಸಿಗೆ ಸಿಟ್ಟು ನೆತ್ತಿಗೇರಿತು. ಪರ್ಷಿಯಾದ ಅಂಥ ದೊಡ್ಡ ರಾಜನೇ ಚಿನ್ನದ ಮೇಲೆ ತನ್ನ ಮುಖ ಹಾಕಿಸಲ್ಲ, ಈ ಅನಾಗರಿಕರಿಗೆ ಎಷ್ಟು ಸೊಕ್ಕು ಅನ್ನೋ ಅರ್ಥದಾಗೆ ಬರೆದ. ಅವನ ಸಿಟ್ಟಿಗೆ ಕಾರಣ ಚಿನ್ನ ಕೆಟ್ಟದ್ದು ಅಂತಲ್ಲ, ಹೆಸರು ಬೇರೆ ಅಂತ. ಮುಖ ನೋಡಿ ಜನ ಚಿನ್ನ ತಗೊಳ್ತಿದ್ರು ಅನ್ನೋಕೆ ಇದಕ್ಕಿಂತ ಸಾಕ್ಷಿ ಬೇಡ. ಆಮೇಲೆ 580ರ ದಶಕಕ್ಕೆ ವಿಸಿಗಾಥರ ಲಿಯೊವಿಗಿಲ್ಡನೂ ತನ್ನ ಹೆಸರು ಹಾಕಿಸಿದ, ಸಂಕೋಚ ಮುರೀತು.

ಇನ್ನೂ ಉತ್ತರಕ್ಕೆ, ಡೆನ್ಮಾರ್ಕ್, ಸ್ವೀಡನ್ ಕಡೆ ಹೋದ್ರೆ ಕಥೆ ಪೂರಾ ಕೊರಳಿಗೆ ಬರುತ್ತೆ. ಅಲ್ಲಿನೋರು ರೋಮಿನ ಚಿನ್ನದ ಪದಕ ನೋಡಿ ತೆಳ್ಳನೆ ಚಿನ್ನದ ತಗಡಿನ ಮೇಲೆ ಒಂದೇ ಮಗ್ಗುಲಿಗೆ ಒತ್ತಿದ ಬಿಲ್ಲೆ ಮಾಡಿದ್ರು. ಮೇಲೊಂದು ಕೊಂಡಿ. ಬ್ರಾಕ್ಟಿಯೇಟ್ ಅಂತ ಅದರ ಹೆಸರು, ಸಾವಿರದ ಹತ್ರ ಸಿಕ್ಕಿದಾವೆ. ಮೊದಮೊದಲು ಚಕ್ರವರ್ತಿಯ ತಲೆ ಇದ್ದದ್ದು ಬರಬರ್ತಾ ಅವರ ದೇವರ ತಲೆ ಆಯ್ತು, ಕೆಳಗೆ ಕುದುರೆ ಬಂತು, ಹಕ್ಕಿ ಬಂತು. ಲ್ಯಾಟಿನ್ ಅಕ್ಷರದ ಜಾಗಕ್ಕೆ ಅವರದೇ ರೂನ್ ಅಕ್ಷರ ಬಂತು. ಅಂದ್ರೆ ನಕಲು ನಿಂತ ನೀರಲ್ಲ. ಮೊದಲು ನೋಡಿ ಬರೀತಾರೆ, ಆಮೇಲೆ ತಮ್ಮದು ಬೆರೆಸ್ತಾರೆ, ಕೊನೆಗೆ ಅದು ತಮ್ಮದೇ ಆಗುತ್ತೆ.

ನಮ್ಮಲ್ಲಿ ಇದು ಆಗಲಿಲ್ವಾ? ಆಯ್ತು. ದಿನಾರಿಯಸ್ ಅನ್ನೋ ಹೆಸರೇ ಸಂಸ್ಕೃತಕ್ಕೆ ಬಂದು ದೀನಾರ ಆಯ್ತು, ಗುಪ್ತರ ಶಾಸನಗಳಲ್ಲಿ ಚಿನ್ನದ ನಾಣ್ಯಕ್ಕೆ ಅದೇ ಹೆಸರು. ಅಮರಕೋಶದಾಗೆ ನಿಷ್ಕ ಅನ್ನೋ ಪದಕ್ಕೆ ದೀನಾರ ಅಂತಾನೂ ಅರ್ಥ ಕೊಟ್ಟಿದಾರೆ. ಈ ನಿಷ್ಕ ಅನ್ನೋದು ವೇದದ ಕಾಲಕ್ಕೆ ಕೊರಳಿನ ಒಡವೆ, ಆಮೇಲೆ ನಾಣ್ಯ. ಕೊರಳಿಂದ ಚೀಲಕ್ಕೆ, ಚೀಲದಿಂದ ಮತ್ತೆ ಕೊರಳಿಗೆ. ಚಿನ್ನಕ್ಕೆ ಈ ಓಡಾಟ ಹಳೇದು.

ಇನ್ನೊಬ್ಬನ ಹೆಸರಿನಾಗೆ ನಾಣ್ಯ ಹೊಡೆಸೋ ಚಾಳಿಯೂ ಬರೀ ಗಾಥರದ್ದಲ್ಲ. ಇಕ್ಕೇರಿ ನಾಯಕರ ವರಹದ ಮೇಲೆ ಶಿವ ಪಾರ್ವತಿ ಕೂತಿದ್ರು. 1763ರಾಗೆ ಬಿದನೂರು ಹಿಡಿದ ಹೈದರಾಲಿ ಶಿವ ಪಾರ್ವತಿಯನ್ನ ಎಬ್ಬಿಸಲಿಲ್ಲ, ಹಂಗೇ ಉಳಿಸಿ ಹಿಂದುಗಡೆ ತನ್ನ ಹೆಸರಿನ ಮೊದಲ ಅಕ್ಷರ ಒಂದು ಹಾಕಿಸಿದ. ಯಾಕಂದ್ರೆ ಸಂತೆಯ ಜನ ಆ ಮುಖ ನಂಬಿದ್ರು. ಅದೇ ಹೈದರ್ 1779ರಾಗೆ ನಮ್ಮ ಮದಕರಿ ನಾಯಕರ ಕೋಟೆ ಹಿಡಿದ. ದುರ್ಗದ ಪಾಳೆಯಗಾರರ ಕಡೆಯದ್ದು ಅಂತ 'ದುರ್ಗಿ ವರಹ' ಅನ್ನೋ ಹೆಸರೂ ಆ ಕಾಲದ ಚಿನ್ನದ ಲೆಕ್ಕದಾಗೆ ಬರುತ್ತೆ. ಇಂಗ್ಲಿಷ್ ಕಂಪನಿಯವರು ದೆಹಲಿಯ ಮೊಗಲ್ ಚಕ್ರವರ್ತಿಯನ್ನ ಪಿಂಚಣಿ ಮೇಲೆ ಕೂರಿಸಿದ ಎಷ್ಟೋ ವರ್ಷದ ತನಕ, 1835ರವರೆಗೂ, ರೂಪಾಯಿ ಮೇಲೆ ಷಾ ಆಲಂ ಹೆಸರೇ ಹೊಡೀತಿದ್ರು. ಅವನು ಸತ್ತು ಆಗಲೇ 29 ವರ್ಷ ಆಗಿತ್ತು. ಥಿಯೊಡೊರಿಕ್ಕೂ ಕಂಪನಿ ಸಾಹೇಬರೂ ಒಂದೇ ಲೆಕ್ಕ ಹಾಕಿದ್ರು, ಗಾದಿ ಬದಲಾದ್ರೂ ಕಾಸಿನ ಮುಖ ಬದಲಾಯಿಸಬಾರದು, ಬದಲಾದ್ರೆ ಜನ ಕಲ್ಲಿಗೆ ಉಜ್ಜಿ ನೋಡ್ತಾರೆ.

ಈಗ ಪುತಳಿಗೆ ಬರೋಣ, ನಮ್ಮ ಮನೆ ವಿಷಯಕ್ಕೆ. ವೆನಿಸ್ ಅನ್ನೋ ಇಟಲಿಯ ಬಂದರು ಪಟ್ಟಣ 1284ರಿಂದ ಡುಕಾಟ್ ಅನ್ನೋ ಚಿನ್ನದ ನಾಣ್ಯ ಹೊಡೀತು. ಮೂರೂವರೆ ಗ್ರಾಂ, ಹೆಚ್ಚುಕಡಿಮೆ 24 ಕ್ಯಾರೆಟ್. 1797ರಾಗೆ ವೆನಿಸ್ ರಾಜ್ಯ ಮುಗಿಯೋತನಕ ಅದರ ಚಿತ್ರ ಬದಲಾಗಲಿಲ್ಲ. ಒಂದು ಮಗ್ಗುಲಿಗೆ ಅವರ ಊರಿನ ಸಂತ ಮಾರ್ಕ, ಅವನ ಮುಂದೆ ಮಂಡಿಯೂರಿ ಬಾವುಟದ ಕೋಲು ಹಿಡಿದ ಅವರ ದೊರೆ. ಇನ್ನೊಂದು ಮಗ್ಗುಲಿಗೆ ಚುಕ್ಕಿಗಳ ನಡುವೆ ನಿಂತ ಏಸು. ಇದು ಮೆಣಸಿನ ಬೆಲೆಯಾಗಿ ನಮ್ಮ ಕರಾವಳಿಗೆ ಬಂತು, ಘಟ್ಟ ಹತ್ತಿ ಒಳನಾಡಿಗೂ ಬಂತು. ಇಲ್ಲಿನ ಅಕ್ಕಸಾಲಿಗರು ಅದನ್ನ ನೋಡಿ ತಾವೇ ಅಚ್ಚು ಕೊರೆದು ಸರಕ್ಕೆ ಅಂತ ಬಿಲ್ಲೆ ಹೊಡೆದ್ರು. ಜನ ಅದಕ್ಕೆ ಪುತಳಿ, ಅಂದ್ರೆ ಗೊಂಬೆ, ಅಂದ್ರು. ಕೋಲು ಹಿಡಿದ ಇಬ್ಬರನ್ನ ನೋಡಿ ಎಷ್ಟೋ ಕಡೆ ರಾಮ ಸೀತೆ ಅಂದ್ರು. ಕೇರಳದ ಕಡೆ ಮರ ಹತ್ತೋ ಶಾಣಾರನ ಹಂಗೆ ಕಂಡು ಶಾಣಾರ ಕಾಸು ಅಂದ್ರು. ಕಾಸರಗೋಡು, ಮಂಗಳೂರು ಕಡೆಯ ನೆಂಟರು ಇವತ್ತಿಗೂ ಚಿನ್ನವನ್ನ ಪವನ್ ಲೆಕ್ಕದಾಗೆ ಹೇಳ್ತಾರಲ್ಲ, ಎಂಟು ಗ್ರಾಂ ಒಂದು ಪವನ್, ಅದೂ ಬ್ರಿಟಿಷರ ರಾಣಿ ಮುಖದ ಸವರನ್ ನಾಣ್ಯದ ತೂಕವೇ. ರಾಣಿ ಹೋದ್ಲು, ತೂಕ ಉಳೀತು.

ನಮ್ಮ ಅವ್ವನ ಹತ್ರ ಹದಿನೆಂಟು ಪುತಳಿಯ ಸರ ಒಂದು ಇತ್ತು. ಅವ್ವನಿಗೆ ಅವಳ ಅವ್ವ, ಹೊಸದುರ್ಗದ ಕಡೆಯ ನಮ್ಮಜ್ಜಿ ಕೊಟ್ಟದ್ದು. ಅಜ್ಜಿ ಅದನ್ನ 'ರಾಮದೇವ್ರ ಕಾಸು' ಅಂತಿದ್ಲು, ಹಾಕ್ಕೊಳ್ಳೋ ಮುಂಚೆ ಕಣ್ಣಿಗೆ ಒತ್ತಿಕೊಳ್ತಿದ್ಲು. ಅವ್ವ ಹೋದ ಮೇಲೆ ಅಣ್ಣನ ಮನ್ಯಾಗೆ ಇತ್ತು. ಅಣ್ಣನ ಮಗಳ ಮದುವೆ ಬಂತು. ಆ ವರ್ಷ ಬೋರು ಬತ್ತಿ ತೋಟಕ್ಕೆ ಟ್ಯಾಂಕರ್ ನೀರು ಹೊಡೆಸಿ ಅಣ್ಣನ ಕೈ ಖಾಲಿ. ಅತ್ತಿಗೆ ಸರ ಮುರಿಸಿ ಹುಡುಗಿಗೆ ಹೊಸದು ಮಾಡಿಸೋಣ ಅಂದ್ರು. ಅದರಾಗೆ ತಪ್ಪೇನಿಲ್ಲ, ನಮ್ಮ ಹೆಣ್ಣುಮಕ್ಕಳ ಚಿನ್ನ ಇರೋದೇ ಇಂಥ ದಿನಕ್ಕೆ.

ಒಂದು ಅಂಗಡೀಲಿ ಕೊಟ್ವಿ. ಕೌಂಟರಿನ ಹುಡುಗ ಒಂದು ಬಿಲ್ಲೆ ಭೂತಗನ್ನಡೀಲಿ ನೋಡಿ, "ಮೇಡಂ, ಇವೆಲ್ಲ ಡೂಪ್ಲಿಕೇಟ್ ಕಾಯಿನು. ಓದೋಕೂ ಬರಲ್ಲ ನೋಡಿ" ಅಂದ. ಅತ್ತಿಗೆ ಮುಖ ಸಣ್ಣಗಾಯ್ತು. "ನಮ್ಮತ್ತೆ ಡೂಪ್ಲಿಕೇಟ್ ಹಾಕ್ಕೊಂಡಿದ್ರಾ?" ಅಂತ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ್ರು. ಮಿಷನ್ನಿಗೆ ಇಟ್ಟು ನೋಡಿದ್ರೆ 22 ಕ್ಯಾರೆಟ್ಟಿಗಿಂತ ಮೇಲೇ ತೋರಿಸ್ತು. ಆದ್ರೂ ಆ ಮಾತು ಮನಸ್ಸಿನಿಂದ ಹೋಗಲಿಲ್ಲ. ಸರ ವಾಪಸ್ ತಗೊಂಡು ಹೊಳಲ್ಕೆರೇಲಿ ನಮ್ಮ ಮನೆಗೆ ಮೊದಲಿಂದ ಒಡವೆ ಮಾಡಿಕೊಡ್ತಿದ್ದ ವಯಸ್ಸಾದ ಆಚಾರ್ರ ಹತ್ರ ಹೋದ್ವಿ.

ಆಚಾರ್ರು ಒರೆಗಲ್ಲಿಗೆ ಉಜ್ಜಿದ್ರು, ಬೆರಳಿನಾಗೆ ಬಿಲ್ಲೆ ತಿರುಗಿಸಿ ಅಂಚು ಸವರಿದ್ರು. "ಇದು ಅಚ್ಚಿಗೆ ಇಟ್ಟು ಕೈಯಾಗೆ ಹೊಡೆದದ್ದು ಕಣಕ್ಕ. ಕೊರೆದೋನಿಗೆ ಅಕ್ಷರ ಬರ್ತಿರಲಿಲ್ಲ, ಕೈ ಬರ್ತಿತ್ತು. ಚಿನ್ನಕ್ಕೆ ಮೋಸ ಮಾಡಿಲ್ಲ. ಡೂಪ್ಲಿಕೇಟ್ ಅಂದ್ರೆ ಚಿನ್ನ ಅಲ್ಲದ್ದನ್ನ ಚಿನ್ನ ಅನ್ನೋದು. ಇದು ಚಿನ್ನಾನೇ, ಗೊಂಬೆ ಮಾತ್ರ ಪರದೇಶಿ" ಅಂದ್ರು.

ಎರಡು ಸಾವಿರ ವರ್ಷದ ಚರ್ಚೆಯನ್ನ ಅವರು ಹೀಗೆ ನಾಲ್ಕು ಮಾತಿನಾಗೆ ಮುಗಿಸಿದ್ರು. ಹೊಡೆದ ನಮ್ಮ ಯಾವುದೋ ಊರಿನ ಅಕ್ಕಸಾಲಿಗೆ ವೆನಿಸ್ ಗೊತ್ತಿರಲಿಲ್ಲ, ಫ್ರಾನ್ಸಿನಾಗೆ ಟ್ರೆಮಿಸಿಸ್ ಹೊಡೆದೋನಿಗೆ ಕಾನ್‌ಸ್ಟಾಂಟಿನೋಪಲ್ ಕಂಡಿರಲಿಲ್ಲ. ಇಬ್ಬರಿಗೂ ಗೊತ್ತಿದ್ದದ್ದು ಒಂದೇ, ತಗೊಳ್ಳೋರು ಯಾವ ಮುಖ ನಂಬ್ತಾರೆ ಅನ್ನೋದು. ಯುರೋಪಿನೋರು ಅಂಥದ್ದನ್ನ ಗಾಜಿನ ಪೆಟ್ಟಿಗೇಲಿಟ್ಟು ದೀಪ ಹಾಕಿ ತೋರಿಸ್ತಾರೆ. ನಾವು ಡೂಪ್ಲಿಕೇಟ್ ಅನ್ನೋ ಒಂದು ಮಾತಿಗೆ ನಾಚಿಕೊಂಡು ಮೂಸೆಗೆ ಹಾಕ್ತೀವಿ.

ಕೊನೆಗೆ ಹನ್ನೆರಡು ಪುತಳಿ ಕರಗಿಸಿದ್ವಿ. ಹುಡುಗಿಗೆ ಸರ, ಓಲೆ ಆಯ್ತು, ಮದುವೆ ಚೆನ್ನಾಗೇ ಆಯ್ತು. ಆರು ಉಳಿಸಿದ್ವಿ, ಅಣ್ಣನ ಮನೆಗೆ ಮೂರು, ನಮ್ಮನೆಗೆ ಮೂರು. ಕರಗಿಸೋ ಮುಂಚೆ ಹದಿನೆಂಟನ್ನೂ ಬಿಳೀ ಬಟ್ಟೆ ಮೇಲೆ ಹರಡಿ, ಎರಡೂ ಮಗ್ಗುಲು ಫೋಟೋ ತೆಗೆದು, ಒಂದೊಂದರ ತೂಕ ಬರೆದು ಇಟ್ವಿ. ಫೋಟೋ ನೋಡಿದಾಗಲೇ ಗೊತ್ತಾಗಿದ್ದು, ಹದಿನೆಂಟೂ ಒಂದೇ ಅಚ್ಚಿನವಲ್ಲ, ಮೂರು ಬೇರೆ ಬೇರೆ ಅಚ್ಚು. ಮೂರು ಸಲ, ಬೇರೆ ಬೇರೆ ಕಾಲಕ್ಕೆ, ದುಡ್ಡು ಬಂದಾಗ ಬಂದಾಗ ನಮ್ಮ ಹಿರಿಯ ಹೆಂಗಸರು ಸೇರಿಸಿದ್ದು. ಒಂದು ಕುಟುಂಬದ ಒಳ್ಳೇ ವರ್ಷಗಳ ಲೆಕ್ಕ ಅದು.

ಫೋಟೋ ಯಾಕೆ ಅಷ್ಟು ಮುಖ್ಯ ಅನ್ನೋಕೆ ಒಂದು ದೊಡ್ಡ ಉದಾಹರಣೆ ಹೇಳ್ತೀನಿ. ಫ್ರಾಂಕರ ರಾಜ ಚಿಲ್ಡರಿಕ್ ಸತ್ತದ್ದು 481ರ ಸುಮಾರಿಗೆ. ಈಗಿನ ಬೆಲ್ಜಿಯಂನ ಟೂರ್ನೆ ಊರಾಗೆ ಅವನ ಗೋರಿ 1653ರಾಗೆ ಸಿಕ್ತು. ರೋಮನ್ ಚಿನ್ನದ ನಾಣ್ಯ ನೂರರ ಹತ್ರ, ಚಿನ್ನದ ಜೇನುಹುಳ ಮುನ್ನೂರರ ಹತ್ರ, ಕತ್ತಿ, ಉಂಗುರ ಎಲ್ಲ ಇದ್ದವು. ಶಿಫ್ಲೆ ಅನ್ನೋ ವೈದ್ಯರು ಒಂದೊಂದನ್ನೂ ಚಿತ್ರ ಬರೆಸಿ 1655ರಾಗೆ ಪುಸ್ತಕ ಮಾಡಿದ್ರು. 1831ರಾಗೆ ಪ್ಯಾರಿಸ್ಸಿನ ಗ್ರಂಥಾಲಯದಿಂದ ಕಳ್ಳರು ಅದನ್ನ ಹೊತ್ತೊಯ್ದು ಬಹುಪಾಲು ಕರಗಿಸಿಬಿಟ್ರು. ಇವತ್ತು ಆ ರಾಜನ ಸಂಪತ್ತಿನ ಬಗ್ಗೆ ಗೊತ್ತಿರೋದರಾಗೆ ಹೆಚ್ಚಿನದು ಆ ವೈದ್ಯರು ಬರೆಸಿಟ್ಟ ಚಿತ್ರದಿಂದ. ಅವರಿಗೆ ಎರಡು ವರ್ಷ ಹಿಡಿದ ಕೆಲಸಕ್ಕೆ ನಮಗೆ ಫೋನಿನಾಗೆ ಹತ್ತು ನಿಮಿಷ ಸಾಕು.

ಅದಕ್ಕೇ ಓದೋರಲ್ಲಿ ಒಂದೆರಡು ಮಾತು. ಮನ್ಯಾಗೆ ಕಾಸಿನ ಸರ, ಪುತಳಿ, ಹಳೇ ಬಿಲ್ಲೆ ಇದ್ರೆ ಮಾರೋದು ಕರಗಿಸೋದು ನಿಮ್ಮ ಕಷ್ಟಸುಖಕ್ಕೆ ಬಿಟ್ಟದ್ದು. ಆದ್ರೆ ಮುಂಚೆ ಎರಡೂ ಮಗ್ಗುಲು ಬೆಳಕಿನಾಗೆ ಫೋಟೋ ತೆಗೀರಿ, ಪಕ್ಕದಾಗೆ ಒಂದು ರೂಪಾಯಿ ನಾಣ್ಯ ಇಡ್ರಿ, ಅಳತೆ ಗೊತ್ತಾಗ್ಲಿ. ತೂಕ ಬರೀರಿ. ಯಾರಿಂದ ಬಂತು, ಮನ್ಯಾಗೆ ಅದನ್ನ ಏನಂತ ಕರೀತಿದ್ರು ಅಂತ ಬರೀರಿ, ಆ ಹೆಸರೂ ಚಿನ್ನದಷ್ಟೇ ಹಳೇದು. ಹುಣಿಸೇ ಹಣ್ಣು, ಬೂದಿ ಹಾಕಿ ಉಜ್ಜಿ ತೊಳೀಬೇಡ್ರಿ, ಅಕ್ಷರ ಇನ್ನಷ್ಟು ಅಳಿಸುತ್ತೆ. ಒಂದಾದ್ರೂ ಉಳಿಸಿಕೊಳ್ಳೋಕಾದ್ರೆ ಉಳಿಸಿಕೊಳ್ರಿ.

ಹೊಲ ಉಳುವಾಗ, ಪಾಯ ತೆಗೆಯುವಾಗ ಸಿಕ್ಕದ್ದರ ವಿಷಯ ಬೇರೆ. ಅದು ಮನೆ ಒಡವೆ ಅಲ್ಲ. 1962ರ ಕರ್ನಾಟಕ ನಿಧಿ ಕಾಯ್ದೆ ಪ್ರಕಾರ ಸರ್ಕಾರಕ್ಕೆ ತಿಳಿಸಬೇಕು, ತಾಲ್ಲೂಕು ಕಚೇರಿಗೋ ಡಿಸಿ ಕಚೇರಿಗೋ ಹೇಳಿದ್ರೆ ಆಯ್ತು. ಗಡಿಗೆ ಸಮೇತ, ಇದ್ದಂಗೇ ಇದ್ರೆ ಇನ್ನೂ ಒಳ್ಳೇದು. ಯಾವ ನಾಣ್ಯದ ಜೊತೆ ಯಾವುದಿತ್ತು ಅನ್ನೋದರಿಂದಲೇ ಅಕ್ಕಿಆಲೂರಿನ ಕಥೆ ನಮಗೆ ಗೊತ್ತಾಗಿದ್ದು. ಹಂಚಿಕೊಂಡು ಕರಗಿಸಿದ್ದಿದ್ರೆ ಅದು ಬರೀ ಇನ್ನೂರು ಗ್ರಾಂ ಚಿನ್ನ ಆಗಿ ಯಾವುದೋ ಬಳೇಲಿ ಸೇರಿಹೋಗ್ತಿತ್ತು.

ಮುಂದಿನ ಸಲ ದುರ್ಗಕ್ಕೆ ಬಂದ್ರೆ ಕೋಟೆ ನೋಡಿ ಹಂಗೇ ಬಸ್ ಹತ್ತಬೇಡ್ರಿ. ಊರಾಗೆ ಸರ್ಕಾರಿ ವಸ್ತುಸಂಗ್ರಹಾಲಯ ಐತೆ, ಚಂದ್ರವಳ್ಳಿ ಐತೆ. ಮಕ್ಕಳನ್ನ ಕರ್ಕೊಂಡು ಹೋಗಿ ಆ ಶಾಸನದ ಬಂಡೆ ಮುಂದೆ ನಿಲ್ಲಿಸಿ, ಈ ಕೆರೆ ಕಟ್ಟೋಕೂ ಮುಂಚೆ ರೋಮಿನ ರಾಜ ಇಲ್ಲಿಗೆ ಬೆಳ್ಳಿಯಾಗಿ ಬಂದಿದ್ದ ಅಂತ ಹೇಳ್ರಿ. ಮನೆಗೆ ಬಂದ ಮೇಲೆ ಅಜ್ಜಿಯ ಟ್ರಂಕು ತೆಗೆಸಿ. ನಿಮ್ಮ ಮನೆ ಪುತಳಿ ಮೇಲೆ ಇರೋದು ರಾಮ ಸೀತೆಯೋ, ಲಕ್ಷ್ಮಿಯೋ, ವಿಕ್ಟೋರಿಯಾ ರಾಣಿಯೋ, ನೋಡಿ ತಿಳಿಸ್ರಿ.